ಮೊಬೈಲ್ ಇದ್ದರೆ 7 ದಿನದಲ್ಲಿ ಗ್ರಾಫಿಕ್ ಡಿಸೈನರ್ ಆಗಬಹುದೇ?

ಮೊಬೈಲ್ ಒಂದಿದ್ದರೆ ಸಾಕು, 7 ದಿನದಲ್ಲಿ ಗ್ರಾಫಿಕ್ ಡಿಸೈನ್ ಕಲಿಯಿರಿ, ಮನೆಯಲ್ಲೇ ಕೂತು ಸಾವಿರಾರು ರೂಪಾಯಿ ದುಡಿಯಿರಿ, ಇಂದೇ ನೋಂದಣಿ ಶುಲ್ಕ ಕಟ್ಟಿ. ಈ ಧಾಟಿಯ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಪಿಯುಸಿ ಮುಗಿಸಿ ಮುಂದೇನು ಅಂತ ಯೋಚಿಸುತ್ತಿರುವ ಮಕ್ಕಳಿರುವ ಮನೆಗಳಿಗೆ ಇದು ಹೆಚ್ಚು ಬರುತ್ತದೆ. ಇದರಲ್ಲಿ ನಿಜ ಎಷ್ಟು?

ಮೊಬೈಲ್ ಸಾಕು ಅನ್ನುವುದು ಶುರುವಿನ ಮಟ್ಟಿಗೆ ನಿಜ. 7 ದಿನ ಅನ್ನುವುದು ಅರ್ಧ ನಿಜ: ಮೂಲ ನಿಯಮಗಳು ವಾರದಲ್ಲಿ ಅರ್ಥವಾಗುತ್ತವೆ, ಆದರೆ ಕೈಗೆ ಬರಲು ತಿಂಗಳುಗಳು ಬೇಕು. ದುಡಿಮೆಯ ಮಾತಿಗೆ ಯಾರೂ ಖಾತ್ರಿ ಕೊಡಲಾರರು. ಕೆಲಸ ಕೊಡುತ್ತೇವೆ, ಅದಕ್ಕೆ ಮೊದಲು ನೀವೇ ದುಡ್ಡು ಕಟ್ಟಿ ಎಂದರೆ ಅಲ್ಲಿಗೇ ನಿಲ್ಲಿಸಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನು ಆ ವಾರದಲ್ಲಿ ಕಲಿಯಬಹುದಾದದ್ದು ಏನು ಎಂಬುದನ್ನು ದುಡ್ಡಿಲ್ಲದೆ ಇಲ್ಲೇ ನೋಡೋಣ.

ಪಾಲಾರ್ ಗೊತ್ತಲ್ಲ? ಮಲೆ ಮಹದೇಶ್ವರ ಬೆಟ್ಟದಿಂದ ಘಟ್ಟ ಇಳಿದು ಮೆಟ್ಟೂರಿನ ಕಡೆ ಹೊರಟರೆ ಸಿಗುವ ಗಡಿಯ ಜಾಗ. ಚೆಕ್‌ಪೋಸ್ಟ್, ಕಾಡು, ಕಾವೇರಿ ಸೇರುವ ಪಾಲಾರ್ ಹಳ್ಳ. ತಮಿಳುನಾಡಿನಿಂದ ಮಾದಪ್ಪನ ಬೆಟ್ಟಕ್ಕೆ ಬರುವ ಭಕ್ತರಿಗೆ ಇದೇ ಬಾಗಿಲು. ಇಲ್ಲಿ ಕನ್ನಡ ಓದುವವರೂ ಇದ್ದಾರೆ, ತಮಿಳು ಓದುವವರೂ ಇದ್ದಾರೆ, ಎರಡನ್ನೂ ಮಾತಾಡಿ ಯಾವುದನ್ನೂ ಓದಲಾಗದವರೂ ಇದ್ದಾರೆ. ಇಂಥ ಊರಿನ ವಿದ್ಯಾರ್ಥಿಯೊಬ್ಬಳಿಗೆ ಕಣ್ಣಿನ ತಪಾಸಣೆ ಶಿಬಿರದ ಪೋಸ್ಟರ್ ಮಾಡುವ ಕೆಲಸ ಸಿಕ್ಕಿತು ಎಂದುಕೊಳ್ಳಿ. ಪೋಸ್ಟರ್ ಓದಬೇಕಾದವರು ಕಣ್ಣು ಮಂಜಾದವರು! ನಮ್ಮ ಪ್ರಕಾರ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಇಲ್ಲ.

ಮೊದಲ ಸಲ ಮಾಡುವವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಹಸಿರು ಹುಲ್ಲಿನ ಫೋಟೋ ಹಿಂದೆ ಹಾಕಿ ಅದರ ಮೇಲೆ ಕೆಂಪು ಅಕ್ಷರ ಬರೆಯುತ್ತಾರೆ. ಐದು ಥರದ ಫಾಂಟ್. ನಾಲ್ಕು ಮೂಲೆಯಲ್ಲಿ ಹೂ. ಮೇಲ್ಭಾಗದಲ್ಲಿ ಗಣ್ಯರ ಆರು ಫೋಟೋ. ದಿನಾಂಕ ಎಲ್ಲೋ ಕೆಳಗೆ, ಸ್ಥಳ ಇನ್ನೆಲ್ಲೋ ಬಲಕ್ಕೆ. ಎಲ್ಲವೂ ದೊಡ್ಡದು, ಆದ್ದರಿಂದ ಯಾವುದೂ ದೊಡ್ಡದಲ್ಲ.

ಡಿಸೈನ್ ಎಂದರೆ ಚಿತ್ರ ಬಿಡಿಸುವುದು, ಅಲಂಕಾರ ಮಾಡುವುದು ಎಂಬ ನಂಬಿಕೆಯೇ ಇದಕ್ಕೆ ಕಾರಣ. ಚಿತ್ರ ಬರೆಯಲು ಬಾರದವರೂ ಒಳ್ಳೆಯ ಡಿಸೈನರ್ ಆಗಬಹುದು. ನೋಡುವವರ ಕಣ್ಣು ಮೊದಲು ಎಲ್ಲಿಗೆ ಹೋಗಬೇಕು, ಆಮೇಲೆ ಎಲ್ಲಿಗೆ ಎಂದು ತೀರ್ಮಾನಿಸುವುದೇ ಇಲ್ಲಿನ ಮುಖ್ಯ ಕೆಲಸ. ಆದ್ದರಿಂದ ಮೊದಲ ಹೆಜ್ಜೆ ಮೊಬೈಲಿನಲ್ಲಿ ಅಲ್ಲ, ಕಾಗದದ ಮೇಲೆ. ಏನು, ಯಾವಾಗ, ಎಲ್ಲಿ, ಯಾರಿಗೆ, ಏನು ತರಬೇಕು: ಇಷ್ಟನ್ನು ಬರೆದು, ಯಾವುದು ಒಂದನೆಯದು ಯಾವುದು ಎರಡನೆಯದು ಎಂದು ಅಂಕೆ ಹಾಕಿ. "ಉಚಿತ ಕಣ್ಣಿನ ತಪಾಸಣೆ" ಒಂದು. ದಿನಾಂಕ ಮತ್ತು ಸಮಯ ಎರಡು. ಸ್ಥಳ ಮೂರು. ಗಣ್ಯರು? ಅವರ ಅಂಕೆ ನೀವೇ ಹಾಕಿ, ನಾವು ಜಗಳಕ್ಕೆ ಬರುವುದಿಲ್ಲ.

ಎರಡನೆಯದು ಗುಂಪು ಮಾಡುವುದು. ಹತ್ತಿರ ಇರುವ ವಸ್ತುಗಳನ್ನು ನಮ್ಮ ಮೆದುಳು ಒಂದೇ ಗುಂಪು ಎಂದು ಓದಿಕೊಳ್ಳುತ್ತದೆ. ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ತೈಮರ್ 1923ರಲ್ಲಿ ಬರೀ ಚುಕ್ಕಿಗಳನ್ನು ಇಟ್ಟುಕೊಂಡು ಇದನ್ನು ವಿವರಿಸಿದ್ದರು. ರಂಗೋಲಿ ಹಾಕುವವರಿಗೆ ಇದು ಹೊಸದೇನಲ್ಲ, ಚುಕ್ಕಿಯ ಅಂತರ ತಪ್ಪಿದರೆ ಸಾಲೇ ತಪ್ಪಿ ಕಾಣುತ್ತದೆ. ಪೋಸ್ಟರಿನಲ್ಲೂ ದಿನಾಂಕ, ಸಮಯ, ಸ್ಥಳ ಮೂರೂ ಒಟ್ಟಿಗಿರಲಿ. ಅವುಗಳ ಸುತ್ತ ಖಾಲಿ ಜಾಗ ಬಿಡಿ. ಖಾಲಿ ಜಾಗ ಕಂಡರೆ "ಜಾಗ ವೇಸ್ಟ್ ಆಯ್ತು" ಎಂದು ಹೂ ತುಂಬಿಸುವವರು ಬಹಳ. ಆ ಖಾಲಿಯೇ ಅಕ್ಷರವನ್ನು ಎತ್ತಿ ತೋರಿಸುವುದು. ಸಾಲುಗಳೆಲ್ಲ ಎಡಗಡೆ ಒಂದೇ ಗೆರೆಯಿಂದ ಶುರುವಾಗಲಿ, ಎಲ್ಲವನ್ನೂ ನಡುವಿಗೆ ತಂದು ನಿಲ್ಲಿಸುವ ಅಭ್ಯಾಸ ಬಿಡಿ. ಸಾಲಿನ ಶುರು ಒಂದೇ ಕಡೆ ಇದ್ದರೆ ಕಣ್ಣು ಹುಡುಕಾಡುವುದಿಲ್ಲ.

ಇನ್ನು ಬಣ್ಣ. ಇಲ್ಲಿ ರುಚಿಗಿಂತ ಲೆಕ್ಕ ದೊಡ್ಡದು. ಅಕ್ಷರ ಮತ್ತು ಹಿನ್ನೆಲೆಯ ಬೆಳಕಿನ ವ್ಯತ್ಯಾಸವನ್ನು ಅನುಪಾತದಲ್ಲಿ ಅಳೆಯುತ್ತಾರೆ. ಬಿಳಿಯ ಮೇಲೆ ಕಪ್ಪು ಇದ್ದರೆ 21:1, ಅದಕ್ಕಿಂತ ಹೆಚ್ಚಿಲ್ಲ. ವೆಬ್ ಪುಟಗಳ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5:1, ದಪ್ಪ ದೊಡ್ಡ ಅಕ್ಷರಕ್ಕೆ 3:1 ಬೇಕು. ಈಗ ನಮ್ಮ ಪೋಸ್ಟರ್ ನೋಡಿ. ಕಡು ಹಸಿರಿನ ಮೇಲೆ ಅಪ್ಪಟ ಕೆಂಪು ಹಾಕಿದರೆ ಸುಮಾರು 1.3:1. ಅಂದರೆ ಬಣ್ಣ ಬೇರೆ ಬೇರೆ ಇದ್ದರೂ ಬೆಳಕಿನ ಮಟ್ಟದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಕೆಂಪು-ಹಸಿರು ಗುರುತಿಸಲಾಗದ ಬಣ್ಣಗುರುಡು ಇರುವವರಿಗಂತೂ ಅಕ್ಷರ ಹುಲ್ಲಿನಲ್ಲೇ ಮಾಯ. ಈ ಗುಣದ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿ ಇರುವುದರಿಂದ ಗಂಡಸರಲ್ಲೇ ಇದು ಹೆಚ್ಚು. ಅದೇ ಹಸಿರಿನ ಮೇಲೆ ಬಿಳಿ ಅಕ್ಷರ ಹಾಕಿ, 5:1 ದಾಟುತ್ತದೆ.

ಹಾಗಾದರೆ ನಮ್ಮ ರಾಜ್ಯೋತ್ಸವದ ಹಳದಿ-ಕೆಂಪು? ಅಪ್ಪಟ ಹಳದಿಯ ಮೇಲೆ ಅಪ್ಪಟ ಕೆಂಪು ಸುಮಾರು 3.7:1. ದೊಡ್ಡ ಅಕ್ಷರದ ಶುಭಾಶಯಕ್ಕೆ ಸರಿ, ಕೆಳಗೆ ಸಣ್ಣದಾಗಿ ಕಾರ್ಯಕ್ರಮದ ವಿವರ ಬರೆಯಲು ಸಾಲದು. ವಿವರಕ್ಕೆ ಕಪ್ಪು ಬಳಸಿ. ಲೆಕ್ಕ ಹಾಕಲು ಬೇಸರವಾದರೆ ಸುಲಭದ ಪರೀಕ್ಷೆ ಒಂದಿದೆ: ಮೊಬೈಲಿನ ಫೋಟೋ ಎಡಿಟರಿನಲ್ಲಿ ಪೋಸ್ಟರನ್ನು ಕಪ್ಪು-ಬಿಳುಪು ಮಾಡಿ, ಕೈ ನೀಡಿ ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ. ಮುಖ್ಯ ಸಾಲು ಆಗಲೂ ಕಂಡರೆ ಪಾಸು.

ಅಕ್ಷರದ ವಿಷಯಕ್ಕೆ ಬಂದರೆ, ಯೂಟ್ಯೂಬಿನ ಹೆಚ್ಚಿನ ಪಾಠಗಳು ನಮಗೆ ಅರ್ಧ ಮಾತ್ರ ಉಪಯೋಗ. ಅವು ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಇಂಗ್ಲಿಷಿನಲ್ಲಿ ಒತ್ತಿ ಹೇಳಲು ಎಲ್ಲವನ್ನೂ ಕ್ಯಾಪಿಟಲ್ ಮಾಡಬಹುದು, ಕನ್ನಡದಲ್ಲಿ ಕ್ಯಾಪಿಟಲ್ ಇಲ್ಲ. ಅಕ್ಷರ ಓರೆ ಮಾಡಿದರೆ ನಮ್ಮ ದುಂಡು ಲಿಪಿ ಬೀಳುತ್ತಿರುವಂತೆ ಕಾಣುತ್ತದೆ. ಆದ್ದರಿಂದ ಒತ್ತು ಕೊಡಲು ನಮಗಿರುವುದು ಗಾತ್ರ, ದಪ್ಪ, ಬಣ್ಣ. ಇದಕ್ಕಿಂತ ದೊಡ್ಡ ವ್ಯತ್ಯಾಸ ಒತ್ತಕ್ಷರದ್ದು. "ಸ್ವಾತಂತ್ರ್ಯ" ಎಂದು ಬರೆದು ನೋಡಿ. ಮೇಲೆ ತಲೆಕಟ್ಟು, ಕೆಳಗೆ ಒತ್ತು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರವನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ತಮಿಳಿನಲ್ಲಿ ಹೀಗೆ ಕೆಳಕ್ಕೆ ಇಳಿಯುವ ಒತ್ತುಗಳಿಲ್ಲ. ಹಾಗಾಗಿ ಪಾಲಾರಿನ ಪೋಸ್ಟರಿನಲ್ಲಿ ಎರಡೂ ಭಾಷೆ ಅಕ್ಕಪಕ್ಕ ಇಡುವಾಗ ಒಂದೇ ಅಳತೆ ಕೊಟ್ಟು ಕೈತೊಳೆದುಕೊಳ್ಳಬೇಡಿ. ಕನ್ನಡಕ್ಕೆ ಸಾಲಿನ ಅಂತರ ಹೆಚ್ಚಿಸಿ, ಎರಡೂ ಕಣ್ಣಿಗೆ ಸಮ ಕಾಣುವವರೆಗೆ ಗಾತ್ರ ಹೊಂದಿಸಿ. ದಿನಾಂಕಕ್ಕೆ 1, 2, 3 ಅಂಕೆಗಳನ್ನೇ ಬಳಸಿ. ಕನ್ನಡ ಅಂಕೆಯ ಮೇಲೆ ನಮಗೂ ಪ್ರೀತಿಯಿದೆ, ಆದರೆ ೬ ಮತ್ತು ೭ ಅದಲುಬದಲಾದರೆ ಅಜ್ಜಿ ತಪ್ಪು ದಿನ ಬಂದು ಬಾಗಿಲು ನೋಡಿ ವಾಪಸ್ಸು ಹೋಗುತ್ತಾಳೆ.

ಫಾಂಟ್ ಎರಡು ಸಾಕು: ತಲೆಬರಹಕ್ಕೊಂದು, ವಿವರಕ್ಕೊಂದು. ಒಂದೇ ಆದರೂ ನಡೆಯುತ್ತದೆ. ಕೊಳ್ಳೇಗಾಲದ ರೇಷ್ಮೆ ಸೀರೆಯಲ್ಲಿ ಅಂಚಿನ ಬಣ್ಣವೇ ಸೆರಗಿನಲ್ಲೂ ಮರಳಿ ಬಂದರೆ ಹೇಗೆ ಎಲ್ಲವೂ ಒಂದೇ ಬಟ್ಟೆ ಎನಿಸುತ್ತದೋ, ಹಾಗೆ ಒಂದೇ ಅಕ್ಷರ, ಒಂದೇ ಬಣ್ಣ ಮರಳಿ ಬರುವುದರಿಂದ ಪೋಸ್ಟರ್ ಒಂದಾಗುತ್ತದೆ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ: ಇವೆಲ್ಲ ಮುಕ್ತ ಪರವಾನಗಿಯ ಯೂನಿಕೋಡ್ ಫಾಂಟ್‌ಗಳು, ಕಾಸು ಕೊಡಬೇಕಿಲ್ಲ. ನೋಟೊ, ಅನೇಕ್, ತಿರೋ ಕುಟುಂಬಗಳಲ್ಲಿ ಜೊತೆಗೆ ಹೊಂದುವ ತಮಿಳು ಅಕ್ಷರಗಳೂ ಸಿಗುತ್ತವೆ. ಯೂನಿಕೋಡ್ ಎಂದು ಒತ್ತಿ ಹೇಳಲು ಕಾರಣವಿದೆ. ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಹಳೆಯ ಎನ್ಕೋಡಿಂಗಿನ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡವನ್ನು ಮೊಬೈಲಿಗೆ ಕಾಪಿ ಮಾಡಿದರೆ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ಗೋಜಲು ಬರುತ್ತದೆ. ಫೋನ್ ಕೆಟ್ಟಿಲ್ಲ, ವೈರಸ್ಸೂ ಅಲ್ಲ. ಆ ಫಾಂಟು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿತ್ತು, ಫಾಂಟು ಹೋದಾಗ ಬಣ್ಣ ಬಯಲಾಯಿತು ಅಷ್ಟೆ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಪರಿವರ್ತಿಸಿದ ಮೇಲೆ ಒತ್ತು ಮತ್ತು ಅರ್ಕಾವೊತ್ತುಗಳನ್ನು ಒಮ್ಮೆ ಓದಿಯೇ ಮುಂದೆ ಹೋಗಿ.

ವಾಟ್ಸಾಪಿನಲ್ಲಿ ಹೋದ ಪೋಸ್ಟರ್ ಯಾಕೆ ಮಬ್ಬಾಗುತ್ತದೆ ಎಂಬ ಪ್ರಶ್ನೆಯೂ ನಮಗೆ ಆಗಾಗ ಬರುತ್ತದೆ. ಫೋಟೋ ಕಳಿಸುವಾಗ ಆಪ್ ಅದನ್ನು ಕುಗ್ಗಿಸುತ್ತದೆ. ಜೆಪಿಜಿ ವಿಧಾನದಲ್ಲಿ ಬೆಳಕಿನ ವಿವರಕ್ಕಿಂತ ಬಣ್ಣದ ವಿವರವನ್ನು ಹೆಚ್ಚು ಬಿಟ್ಟುಬಿಡುತ್ತಾರೆ, ಯಾಕೆಂದರೆ ನಮ್ಮ ಕಣ್ಣು ಬಣ್ಣದ ಸೂಕ್ಷ್ಮವನ್ನು ಅಷ್ಟಾಗಿ ಗಮನಿಸುವುದಿಲ್ಲ. ಬಣ್ಣದ ಮೇಲೆ ಬಣ್ಣದ ಸಣ್ಣ ಅಕ್ಷರ ಇದರಿಂದ ಮೊದಲು ಹಾಳಾಗುತ್ತದೆ. ಯಾರೋ ಸ್ಕ್ರೀನ್‌ಶಾಟ್ ತೆಗೆದು, ಕತ್ತರಿಸಿ, ಮತ್ತೆ ಕಳಿಸಿದಾಗ ಇನ್ನಷ್ಟು. ಮುದ್ರಣಕ್ಕೆ ಕೊಡುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಗೋಲ್ಡನ್ ರೇಶಿಯೋ 1.618 ಹಾಕಿದರೆ ಎಲ್ಲವೂ ಸುಂದರ ಎನ್ನುವ ವಿಡಿಯೋಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಜನ ಆ ಅನುಪಾತವನ್ನೇ ಇಷ್ಟಪಡುತ್ತಾರೆ ಎಂಬುದಕ್ಕೆ ಪ್ರಯೋಗಗಳಲ್ಲಿ ಗಟ್ಟಿ ಬೆಂಬಲ ಸಿಕ್ಕಿಲ್ಲ. ನಿಮಗೆ ನಿತ್ಯ ಬೇಕಾಗುವುದು ಎ4 ಹಾಳೆಯ ಅನುಪಾತ, 1.414. ಅದನ್ನು ನಡುವೆ ಮಡಚಿದರೂ ಅದೇ ಅನುಪಾತ ಉಳಿಯುತ್ತದೆ, ಹಾಗಾಗಿ ಪೋಸ್ಟರನ್ನು ಕರಪತ್ರವಾಗಿ ಕುಗ್ಗಿಸಿದರೂ ಏನೂ ಕತ್ತರಿಸಿಹೋಗುವುದಿಲ್ಲ.

ಇಷ್ಟೆಲ್ಲ ಯಾಕೆ ಮುಖ್ಯ? ರೋಲ್ಫ್ ರೀಬರ್ ಮತ್ತು ನಾರ್ಬರ್ಟ್ ಶ್ವಾರ್ಟ್ಸ್ ಎಂಬ ಮನೋವಿಜ್ಞಾನಿಗಳು 1999ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಇಂಥ ಊರು ಇಂಥ ದೇಶದಲ್ಲಿದೆ ಎಂಬ ಥರದ ವಾಕ್ಯಗಳನ್ನು, ಕೆಲವನ್ನು ಸುಲಭವಾಗಿ ಓದಬಹುದಾದ ಬಣ್ಣದಲ್ಲಿ, ಕೆಲವನ್ನು ಮಸುಕು ಬಣ್ಣದಲ್ಲಿ ತೋರಿಸಿ, ಇದು ನಿಜವೇ ಎಂದು ಕೇಳಿದರು. ಸುಲಭವಾಗಿ ಓದಲು ಬಂದ ವಾಕ್ಯಗಳನ್ನು ಜನ ನಿಜ ಎಂದದ್ದು ಸ್ವಲ್ಪ ಹೆಚ್ಚು. ಅಂದರೆ ಓದಲು ಸಲೀಸಾದದ್ದು ಮನಸ್ಸಿಗೆ ಸತ್ಯದಂತೆ ತೋರುತ್ತದೆ. ಅಚ್ಚುಕಟ್ಟಾದ ಕಾರ್ಡು, ದಪ್ಪ ಅಕ್ಷರ, ಮೇಲೊಂದು ಲಾಂಛನ ಇದ್ದರೆ ಸುಳ್ಳು ಫಾರ್ವರ್ಡ್ ಯಾಕೆ ಓಡುತ್ತದೆ ಎಂಬುದು ಇದರಿಂದ ಸ್ವಲ್ಪ ಅರ್ಥವಾಗುತ್ತದೆ. ಲಾಂಛನದ ಮಾತು ಬಂತು: ಸಿಂಹಗಳಿರುವ ರಾಷ್ಟ್ರ ಲಾಂಛನವನ್ನು ನಿಮ್ಮ ಪೋಸ್ಟರಿಗೆ ಶೋಭೆಗೆಂದು ಹಾಕಬೇಡಿ, ಅದರ ದುರ್ಬಳಕೆ ತಡೆಯಲು 2005ರ ಕಾನೂನೇ ಇದೆ.

ಈ ವಿಷಯದಲ್ಲಿ ನಾವೂ ಎಡವಿದ್ದೇವೆ. ಒಮ್ಮೆ ಮನೆಮದ್ದೊಂದರ ಸುಳ್ಳನ್ನು ಬಯಲು ಮಾಡಲು ಕಾರ್ಡ್ ಮಾಡಿದೆವು. ಸುಳ್ಳು ವಾಕ್ಯವನ್ನು ದೊಡ್ಡ ಬಿಳಿ ಅಕ್ಷರದಲ್ಲಿ ಹಾಕಿ, ಮೂಲೆಯಲ್ಲಿ ಸಣ್ಣದಾಗಿ ಕೆಂಪಿನಲ್ಲಿ "ಸುಳ್ಳು" ಎಂದು ಬರೆದೆವು. ಎರಡು ದಿನದ ಮೇಲೆ ಅದೇ ಕಾರ್ಡು ನಮ್ಮ ಬಂಧುಗಳ ಗ್ರೂಪಿಗೆ ಬಂತು, ಮೂಲೆ ಕತ್ತರಿಸಿಹೋಗಿತ್ತು, ಕೆಳಗೆ "ಎಲ್ಲರಿಗೂ ಕಳಿಸಿ" ಅಂತಿತ್ತು. ಕತ್ತರಿಸಿದವರನ್ನು ಬೈದು ಪ್ರಯೋಜನವಿಲ್ಲ, ಕಣ್ಣಿಗೆ ಮೊದಲು ಬೀಳುವ ಜಾಗವನ್ನು ಸುಳ್ಳಿಗೆ ಕೊಟ್ಟವರು ನಾವೇ. ಈಗ ನಿಜವನ್ನೇ ದೊಡ್ಡದಾಗಿ ಬರೆಯುತ್ತೇವೆ, ಸುಳ್ಳನ್ನು ಚಿತ್ರದಲ್ಲಿ ಹಾಕಲೇಬೇಕಾದರೆ ಅದರ ಮೇಲೇ ಅಡ್ಡ ಪಟ್ಟಿ ಎಳೆಯುತ್ತೇವೆ.

ಕಲಿಯುವುದನ್ನು ಮುಂದುವರಿಸಬೇಕೆಂದರೆ ಇಂಕ್‌ಸ್ಕೇಪ್, ಜಿಂಪ್, ಕ್ರಿಟಾ ಕಂಪ್ಯೂಟರಿಗೆ ಉಚಿತ. ಮೊಬೈಲಿನಲ್ಲಿ ಕ್ಯಾನ್ವಾದ ಉಚಿತ ಆವೃತ್ತಿ ಸಾಕು, ಸಿದ್ಧ ಟೆಂಪ್ಲೇಟು ಬಿಟ್ಟು ಖಾಲಿ ಹಾಳೆಯಿಂದ ಶುರು ಮಾಡಿ. ಪದವಿಯೇ ಬೇಕೆಂದರೆ ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂಥ ಕಡೆ ದೃಶ್ಯಕಲೆಯ ಕೋರ್ಸುಗಳಿವೆ. ಅಭ್ಯಾಸಕ್ಕೆ ದಿನಕ್ಕೊಂದು ಫಾರ್ವರ್ಡ್ ಆರಿಸಿಕೊಳ್ಳಿ, ಅದನ್ನು ಕಪ್ಪು-ಬಿಳುಪು ಎರಡೇ ಬಣ್ಣದಲ್ಲಿ, ಒಂದೇ ಫಾಂಟಿನಲ್ಲಿ ಮತ್ತೆ ಮಾಡಿ. ಅದರಲ್ಲಿರುವ ಮಾತು ನಿಜವೇ ಎಂದು ಆಗ ನಿಮಗೇ ಅನುಮಾನ ಬರಲೂಬಹುದು.

ಆ ಕಣ್ಣಿನ ಶಿಬಿರದ ಪೋಸ್ಟರ್ ಮುಗಿದ ಮೇಲೆ ಗ್ರೂಪಿಗೆ ಹಾಕುವ ಮೊದಲು ಒಂದು ಕೆಲಸ ಉಳಿದಿದೆ. ತಮಿಳು ಓದಬಲ್ಲವರೊಬ್ಬರಿಗೆ ತೋರಿಸಿ, ಕನ್ನಡಕ ಹಾಕುವ ಹಿರಿಯರೊಬ್ಬರಿಗೆ ಕನ್ನಡಕ ಇಲ್ಲದೆ ತೋರಿಸಿ. "ಯಾವತ್ತು, ಎಲ್ಲಿಗೆ ಹೋಗಬೇಕು?" ಎಂದಷ್ಟೇ ಕೇಳಿ. ಅವರು ತಡವರಿಸಿದರೆ ಪೋಸ್ಟರ್ ತಿದ್ದಿ.