ಮಣೂಕದ ದಿನಗಳಲ್ಲಿ ಈಸ್ಟರ್ ಹಬ್ಬ

ಮಾಘದ ಚಳಿ ಹಿಂದೆ ಸರಿದು ಫಾಲ್ಗುಣದ ಬಿಸಿಲು ಬಲಿಯತೊಡಗುವ ಹೊತ್ತಿನಲ್ಲಿ, ವಿಜಯಪುರ ಪಟ್ಟಣದಿಂದ ಅಥಣಿಯ ಹಾದಿ ಹಿಡಿದು ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರು ಸಾಗಿ ತಿಕೋಟಾವನ್ನು ಸಮೀಪಿಸುವವರ ಕಣ್ಣಿಗೆ ಹೊಲಗಳ ನಡುವೆ ಗೋಡೆಗಳಿಲ್ಲದ ಉದ್ದುದ್ದನೆಯ ಶೆಡ್ಡುಗಳು ಬೀಳುತ್ತವೆ. ಅವುಗಳೊಳಗೆ ಒಂದರ ಮೇಲೊಂದಾಗಿ ಬಿಗಿದ ಬಲೆಗಳ ಮೇಲೆ ಹರಡಿದ ದ್ರಾಕ್ಷಿಯ ಗೊಂಚಲುಗಳು, ನೇರ ಬಿಸಿಲಿಗೆ ಮೈಯೊಡ್ಡದೆ, ಬೀಸುವ ಒಣಗಾಳಿಗೆ ಮಾತ್ರ ತಮ್ಮ ನೀರನ್ನು ಒಪ್ಪಿಸುತ್ತ, ಹದಿನೈದು ದಿವಸಗಳ ಆಚೀಚೆಗೆ ಸುಕ್ಕುಗಟ್ಟಿ, ಈ ಸೀಮೆಯ ಜನ ಮಣೂಕವೆಂದು ಕರೆಯುವ ಒಣದ್ರಾಕ್ಷಿಯಾಗುತ್ತವೆ. ನಾಲ್ಕು ಕಿಲೊ ಹಣ್ಣು ಒಣಗಿದರೆ ಒಂದು ಕಿಲೊ ಮಣೂಕ ಕೈಗೆ ಬಂದೀತು. ಜಮಖಂಡಿಯ ದಾರಿಯಲ್ಲಿರುವ ಬಬಲೇಶ್ವರದ ಕಡೆಗೂ ಇದೇ ನೋಟ. ಆ ವೇಳೆಗೆ ಎರೆಹೊಲಗಳ ಹಿಂಗಾರಿ ಬಿಳಿಜೋಳವೂ ರಾಶಿಯಾಗಿ ಮನೆ ಸೇರುತ್ತಿರುತ್ತದೆ.

ಕ್ರೈಸ್ತಬಾಂಧವರ ಪುನರುತ್ಥಾನದ ಹಬ್ಬ, ಎಂದರೆ ಈಸ್ಟರ್, ಬರುವುದು ಸರಿಯಾಗಿ ಈ ದಿನಗಳಲ್ಲಿಯೇ. ಮಾರ್ಚಿ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ ಈ ಹಬ್ಬವೆಂಬುದು ಪ್ರಾಚೀನ ಸಭೆಯು ಮಾಡಿಟ್ಟ ನಿಯಮವಾದ್ದರಿಂದ, ಮಾರ್ಚಿ 22ರಿಂದ ಏಪ್ರಿಲ್ 25ರ ವರೆಗೆ ಅದು ಹಿಂದುಮುಂದಾಗುತ್ತಿರುತ್ತದೆ. ನಮ್ಮ ಪಂಚಾಂಗದ ಲೆಕ್ಕದಲ್ಲಿ ಹೇಳುವುದಾದರೆ, ಸಾಮಾನ್ಯವಾಗಿ ಹೋಳಿಹುಣ್ಣಿಮೆಯ ಇಲ್ಲವೆ ದವನದ ಹುಣ್ಣಿಮೆಯ ಬೆನ್ನಿಗೆ ಬರುವ ಭಾನುವಾರವದು. ಯುಗಾದಿಯ ಬೇವು ಕುಡಿದ ಬಾಯಿಯ ರುಚಿ ಆರುವ ಮುನ್ನ ಈಸ್ಟರಿನ ತಟ್ಟೆ ನೆರೆಮನೆಯಿಂದ ಬಂದ ವರ್ಷಗಳು ನನಗೆ ನೆನಪಿವೆ.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದು, ಅದೇ ಶತಮಾನದ ಉತ್ತರಾರ್ಧದಲ್ಲಿ ವಿಜಯಪುರದ ಕಡೆಗೂ ಕಾಲಿಟ್ಟ ಮೇಲೆ ಇಲ್ಲಿ ಬೆಳೆದ ಕ್ರೈಸ್ತ ಕುಟುಂಬಗಳು, ಪ್ರಾರ್ಥನೆಯಲ್ಲಿ ಹೊಸ ಮಾರ್ಗವನ್ನು ಹಿಡಿದರೂ ಅಡುಗೆಮನೆಯಲ್ಲಿ ಜೋಳದ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಬಿಟ್ಟುಕೊಟ್ಟವರಲ್ಲ. ಆದರೆ ಹಬ್ಬದ ಸಿಹಿಯ ವಿಷಯದಲ್ಲಿ ಮಾತ್ರ, ಮಂಗಳೂರು ಬೆಂಗಳೂರುಗಳ ಬೇಕರಿಗಳಲ್ಲಿ ಸಕ್ಕರೆಯನ್ನೂ ಗೋಡಂಬಿ ಬಾದಾಮಿಗಳನ್ನೂ ಅರೆದು ಮೊಟ್ಟೆಯಾಕಾರಕ್ಕೆ ಒತ್ತಿ ಬಣ್ಣ ಬಳಿದ ಮಾರ್ಜಿಪಾನಿನ ತತ್ತಿಗಳೂ, ಈಚೆಗೆ ಹೊಳೆಯುವ ಕಾಗದದಲ್ಲಿ ಸುತ್ತಿದ ಚಾಕೊಲೇಟಿನ ತತ್ತಿಗಳೂ ಮಕ್ಕಳ ಮನಸ್ಸನ್ನು ಸೆಳೆದಿವೆ. ತಿಂದರೆ ಕೆಡುಕೆಂದು ನಾನು ಹೇಳಲಾರೆ. ಆದರೂ ಊರಿನ ತುಂಬ ಮಣೂಕ, ಶೇಂಗಾ, ಎಳ್ಳು, ಬೆಲ್ಲ ತುಂಬಿ ತುಳುಕುತ್ತಿರುವ ತಿಂಗಳಿನಲ್ಲಿ ಸಕ್ಕರೆಯ ಮುದ್ದೆಗೆ ಹಣ ಸುರಿಯುವುದು ನನಗೇಕೋ ಸರಿಬಾರದು.

ನಮ್ಮ ನೆರೆಮನೆಯ ಅಜ್ಜಿಗೂ ಅದು ಸರಿಬರುತ್ತಿರಲಿಲ್ಲ. ಈಸ್ಟರಿಗೆ ಮುಂಚಿನ ಶುಭ ಶುಕ್ರವಾರದ ಆರಾಧನೆ ಮುಗಿದ ಮರುದಿನ ಆಕೆಯ ಅಡುಗೆಮನೆಯಲ್ಲಿ ಹುರಿದ ಶೇಂಗಾದ ವಾಸನೆ ಓಣಿಗೆಲ್ಲ ಹಬ್ಬಿರುತ್ತಿತ್ತು. "ಆಯಿ, ಬೇಕರ್ಯಾಗಿನ ತತ್ತಿ ತರಾಕ ಯಾವಾಗ ಹೋಗೂಣು?" ಎಂದು ಮೊಮ್ಮಗ ಸೆರಗು ಜಗ್ಗಿದರೆ, "ಅದರಾಗ ಏನೈತೋ, ಬರೇ ಸಕ್ರಿ. ಕೈ ತೊಕ್ಕೊಂಡ ಇಲ್ಲಿ ಬಾ, ನೀನ ಒಂದ ತತ್ತಿ ಮಾಡು" ಎಂದು ಅವನನ್ನು ಪರಾತದ ಮುಂದೆ ಕೂಡಿಸಿಕೊಳ್ಳುತ್ತಿದ್ದಳು. ಆಕೆಯ ಲೆಕ್ಕ ಹೀಗಿತ್ತು: ಶೇಂಗಾ ಪಾವು ಕಿಲೊ, ಬೆಲ್ಲ 100 ಗ್ರಾಂ, ಮಣೂಕ 75 ಗ್ರಾಂ. ಮುದುಡಿದ, ಕಪ್ಪಿಟ್ಟ, ಬೂಷ್ಟು ಹಿಡಿದ ಕಾಳುಗಳನ್ನು ಮೊದಲೇ ಆಯ್ದು ಎಸೆಯಬೇಕು; ಅಂಥ ಶೇಂಗಾದಲ್ಲಿ ಯಕೃತ್ತಿಗೆ ಹಾನಿ ಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷವು ಸೇರಿರಬಹುದೆಂದು ವಿಜ್ಞಾನಿಗಳು ಹೇಳುವುದನ್ನು ಆಕೆ ಕೇಳಿದವಳಲ್ಲವಾದರೂ, ಕಹಿಗಾಳು ಒಂದಿದ್ದರೆ ಇಡೀ ಉಂಡಿ ಕೆಟ್ಟೀತೆಂದು ಬಲ್ಲವಳು. ಸಣ್ಣ ಉರಿಯ ಮೇಲೆ ಹುರಿದ ಶೇಂಗಾವನ್ನು ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ, ಸ್ವಲ್ಪ ತರಿಯಾಗಿಯೇ ಕುಟ್ಟುತ್ತಿದ್ದಳು. ಮಣೂಕವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಸಲ ತೊಳೆದು, ಬಟ್ಟೆಯ ಮೇಲೆ ಆರಿಸಿ, ಬೆಲ್ಲದೊಡನೆ ಅರೆಯುತ್ತಿದ್ದಳು. ತೊಳೆಯುವುದು ಬರಿಯ ಧೂಳಿನ ಸಲುವಾಗಿ ಅಲ್ಲ. ಹಣ್ಣಿನ ಮೇಣದ ಪೊರೆ ಸಡಿಲಗೊಂಡು ನೀರು ಬೇಗ ಆರಲೆಂದು ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟಿನ ದ್ರಾವಣದಲ್ಲಿ ಅದ್ದಿರುತ್ತಾರೆ; ಬಣ್ಣ ಹೊನ್ನಾಗಲೆಂದು ಗಂಧಕದ ಹೊಗೆಯನ್ನು ಹಾಯಿಸುವುದೂ ಉಂಟು. ಈ ಗಂಧಕದ ಅಂಶವು ಉಬ್ಬಸವುಳ್ಳ ಕೆಲವರಿಗೆ ಒಗ್ಗದಾದ್ದರಿಂದ ಅಂಥವರ ಮನೆಗೆ ಹೊಗೆ ಹಾಕದ ಕಂದುಬಣ್ಣದ ಮಣೂಕವೇ ಲೇಸು.

ಶೇಂಗಾದ ಎಣ್ಣೆಯೂ ಮಣೂಕದ ಅಂಟೂ ಕೂಡಿದರೆ ತುಪ್ಪದ ಹಂಗಿಲ್ಲದೆ ಉಂಡಿ ಕಟ್ಟಲು ಬರುತ್ತದೆ. ಅದನ್ನು ಗುಂಡಗೆ ಕಟ್ಟದೆ, ಒಂದು ತುದಿಯನ್ನು ತುಸು ನೀಳಗೊಳಿಸಿ, ಹುರಿದ ಎಳ್ಳಿನಲ್ಲಿ ಹೊರಳಿಸಿದರೆ ಅದೇ ಈಸ್ಟರಿನ ತತ್ತಿ; ಕತ್ತರಿಸಿದರೆ ಹಳದಿಯ ಸ್ಥಾನದಲ್ಲಿ, ಅರೆಯದೆ ಉಳಿಸಿಕೊಂಡ ಒಂದು ಇಡಿಯ ಮಣೂಕ. ಮೊಮ್ಮಗ ಮಾಡಿದ ತತ್ತಿ ಕೋಳಿಯದಕ್ಕಿಂತ ಬದನೆಕಾಯಿಯನ್ನು ಹೆಚ್ಚು ಹೋಲುತ್ತಿತ್ತು.

ಬೆಲ್ಲವನ್ನು ಕುರಿತು ಎರಡು ಮಾತು ಹೇಳಬೇಕಾಗಿದೆ, ಏಕೆಂದರೆ ಸಕ್ಕರೆಯ ಬದಲು ಬೆಲ್ಲ ಹಾಕಿದೊಡನೆ ತಿಂಡಿಯು ಔಷಧವಾಯಿತೆಂಬ ಭ್ರಮೆ ನಮ್ಮಲ್ಲಿ ಬೇರೂರಿದೆ. ಬೆಲ್ಲದಲ್ಲಿ ಅಲ್ಪಸ್ವಲ್ಪ ಖನಿಜಾಂಶವಿದ್ದರೂ ಅದರ ಬಹುಭಾಗ ಸಕ್ಕರೆಯೇ. ಮಧುಮೇಹಿಯ ರಕ್ತವು ಇವೆರಡರ ನಡುವೆ ದೊಡ್ಡ ಭೇದವನ್ನೇನೂ ಎಣಿಸದು. ಹೊರಗಿನಿಂದ ಬೆರೆಸಿದ ಸಕ್ಕರೆ, ಬೆಲ್ಲ, ಜೇನು ಇವೆಲ್ಲ ಸೇರಿ ದಿನದ ಆಹಾರಶಕ್ತಿಯ ನೂರರಲ್ಲಿ ಹತ್ತು ಪಾಲನ್ನು ಮೀರಕೂಡದೆಂದೂ, ಐದು ಪಾಲಿಗೆ, ಎಂದರೆ ಸುಮಾರು 25 ಗ್ರಾಮಿಗೆ, ಇಳಿಸಿದರೆ ಇನ್ನೂ ಒಳಿತೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿತು. ಅಜ್ಜಿಯ ಪ್ರಮಾಣದಲ್ಲಿ ಲಿಂಬೆಯ ಗಾತ್ರದ ಹದಿನಾಲ್ಕು ಉಂಡಿಗಳಾದರೆ ಒಂದೊಂದರಲ್ಲಿ 7 ಗ್ರಾಮಿನಷ್ಟು ಬೆಲ್ಲ, ಒಟ್ಟು ಸುಮಾರು 150 ಕಿಲೊಕ್ಯಾಲೊರಿ. ಶೇಂಗಾದ ಪ್ರೋಟೀನು, ಎಳ್ಳಿನ ಸುಣ್ಣದ ಸತ್ತ್ವ ಜೊತೆಗೆ ಬರುವುದರಿಂದ ಹೊಟ್ಟೆಯೂ ತುಂಬುತ್ತದೆ. ಒಂದು ತಿಂದರೆ ತೃಪ್ತಿ, ನಾಲ್ಕು ತಿಂದರೆ ಒಂದು ಊಟ!

ಈ ದಿನಗಳ ಇನ್ನೊಂದು ತಿನಿಸು, ಶುಭ ಶುಕ್ರವಾರದ ಶಿಲುಬೆ ಗುರುತಿನ ಬನ್ನು, ಇಂಗ್ಲೆಂಡಿನಿಂದ ಬಂದದ್ದು. ಮನೆಯಲ್ಲಿ ಮಾಡುವವರು ಮೈದೆಯ ಬದಲು ಗೋಧಿಹಿಟ್ಟನ್ನು ಹಿಡಿದು, ಕಾಲುಭಾಗ ಜೋಳದ ಹಿಟ್ಟನ್ನು ಬೆರೆಸಬಹುದು. ಅದಕ್ಕೂ ಹೆಚ್ಚಾದರೆ, ಜೋಳದಲ್ಲಿ ಜಿಗುಟಿನ ಗ್ಲುಟೆನ್ ಇಲ್ಲವಾದ್ದರಿಂದ ಹಿಟ್ಟು ಉಬ್ಬದೆ ಬನ್ನು ಇಟ್ಟಿಗೆಯಾಗುತ್ತದೆ. ನಾನು ಒಮ್ಮೆ ಅರ್ಧಕ್ಕೆ ಅರ್ಧ ಹಾಕಿ, ಆ ಇಟ್ಟಿಗೆಗಳನ್ನು ಮಜ್ಜಿಗೆಯಲ್ಲಿ ನೆನೆಸಿ ತಿಂದಿದ್ದೇನೆ.

ನಿಜವಾದ ತತ್ತಿಗಳ ಮಾತು ಇನ್ನೂ ಸೊಗಸಾದುದು. ಹಿಂದೆ ಯುರೋಪಿನಲ್ಲಿ ಈಸ್ಟರಿಗೆ ಮುಂಚಿನ ನಲವತ್ತು ದಿವಸಗಳ ತಪಸ್ಸುಕಾಲದಲ್ಲಿ ಮಾಂಸದಂತೆಯೇ ತತ್ತಿಯೂ ವರ್ಜ್ಯವಾಗಿದ್ದು, ಕೋಳಿಗಳಿಗೆ ಆ ವ್ರತದ ಅರಿವಿಲ್ಲದೆ ಅವು ಇಡುತ್ತಲೇ ಹೋದ ತತ್ತಿಗಳೆಲ್ಲ ಹಬ್ಬದ ದಿನ ಒಟ್ಟಿಗೆ ಹೊರಬರುತ್ತಿದ್ದುವು. ಪೂರ್ವದೇಶದ ಕ್ರೈಸ್ತಸಭೆಗಳಲ್ಲಿ ಅವಕ್ಕೆ ಕೆಂಪುಬಣ್ಣ ಕಟ್ಟುವ ಸಂಪ್ರದಾಯ ಇಂದಿಗೂ ಇದೆ. ಆ ಬಣ್ಣಕ್ಕೆ ಉಳ್ಳಾಗಡ್ಡಿಯ ಸಿಪ್ಪೆ ಸಾಕು, ಮತ್ತು ನಮ್ಮ ಜಿಲ್ಲೆಯಲ್ಲಿ ಉಳ್ಳಾಗಡ್ಡಿಗೆ ಬರವೆಲ್ಲಿಯದು! ಹತ್ತು ಗಡ್ಡೆಗಳ ಒಣಸಿಪ್ಪೆಯನ್ನು ಇಪ್ಪತ್ತು ನಿಮಿಷ ಕುದಿಸಿ, ಆರಿಸಿ, ಸೋಸಿ, ಕೆಂಗಂದು ನೀರಿಗೆ ಒಂದು ಚಮಚ ಲಿಂಬೆರಸ ಹಿಂಡಬೇಕು. ತತ್ತಿಯ ಮೇಲೆ ಕೊತ್ತಂಬರಿಯ ಒಂದೊಂದು ಎಲೆಯನ್ನು ಅಂಟಿಸಿ, ತೆಳ್ಳನೆಯ ಬಟ್ಟೆಯಲ್ಲಿ ಬಿಗಿದು, ಆ ನೀರಿನಲ್ಲಿಯೇ ಹನ್ನೆರಡು ನಿಮಿಷ ಬೇಯಿಸಿ ಬಿಚ್ಚಿದರೆ, ಹುಣಸೆಬಣ್ಣದ ಚಿಪ್ಪಿನ ಮೇಲೆ ಎಲೆಯ ಪ್ರತಿಯೊಂದು ಕಚ್ಚೂ ಬಿಳಿಯಾಗಿ ಮೂಡಿರುತ್ತದೆ. ಅರಿಸಿನದಿಂದ ಹಳದಿ, ನಸುಗೆಂಪು ಬೇಕಾದರೆ ಬೀಟ್‌ರೂಟು. ಆದರೆ ಇಲ್ಲಿನ ಏಪ್ರಿಲ್ ಬಿಸಿಲು 40 ಡಿಗ್ರಿ ಮುಟ್ಟುವಂಥದು. ಬೇಯಿಸಿದ ತತ್ತಿಯನ್ನು ಇಂಥ ಸೆಕೆಯಲ್ಲಿ ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದಾದ ಕಾರಣ, ಮಕ್ಕಳು ತತ್ತಿಗಳನ್ನು ಅಡಗಿಸಿ ಹುಡುಕುವ ಆಟವನ್ನು ಬೆಳಗಿನ ತಂಪಿನಲ್ಲಿಯೇ ಮುಗಿಸತಕ್ಕದ್ದು.

ನಲವತ್ತು ದಿನ ಮಿತವಾಗಿ ಉಂಡ ಹೊಟ್ಟೆಗೆ ಹಬ್ಬದ ದಿನ ಒಮ್ಮೆಲೇ ಬಿರಿಯಾನಿಯ ಭಾರ ಹೊರಿಸಿ, ಮಧ್ಯಾಹ್ನವೆಲ್ಲ ಎದೆಯುರಿಯೆಂದು ಹೊರಳಾಡುವವರನ್ನು ಕಂಡಿದ್ದೇನೆ. ಕೇರಳದ ಕ್ರೈಸ್ತರು ಶುಭ ಶುಕ್ರವಾರ ಗಂಜಿ ಮತ್ತು ಹೆಸರುಕಾಳಿನ ಪಲ್ಯದಲ್ಲಿ ನಿಲ್ಲುತ್ತಾರೆ. ಅಲ್ಲಿಂದ ಭಾನುವಾರದ ಊಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಬಹುದು. ಅಜ್ಜಿಯ ಮನೆಯಲ್ಲಿ ನಸುಕಿನ ಪ್ರಾರ್ಥನೆಯಿಂದ ಮರಳಿದವರಿಗೆ ಮೊದಲು ಆ ಬಣ್ಣದ ತತ್ತಿ, ಬಿಸಿ ರೊಟ್ಟಿ, ಹಸಿ ಸವತಿಕಾಯಿ, ಮೊಸರು. ಮಧ್ಯಾಹ್ನ ಮಾಂಸದ ಸಾರಿನ ಪಕ್ಕದಲ್ಲಿ ತುಂಬುಬದನೆಯ ಎಣಗಾಯಿಯೂ ಕೋಸಂಬರಿಯೂ ಕಡ್ಡಾಯ. ಬಾಟಲಿಯ ಬಣ್ಣದ ಪಾನೀಯದ ಬದಲು ಇಂಡಿ ತಾಲ್ಲೂಕಿನ ಲಿಂಬೆ ಹಿಂಡಿ, ಚೂರು ಉಪ್ಪು, ಜೀರಿಗೆಪುಡಿ ಹಾಕಿದ ಮಡಕೆಯ ನೀರು. ಉಂಡಿಯ ಡಬ್ಬಿ ಇಳಿಯುತ್ತಿದ್ದುದು ಊಟವಾದ ಮೇಲೆ, ಅದೂ ಎಣಿಸಿ, ಒಬ್ಬರಿಗೊಂದು.

"ಇನ್ನೊಂದು, ಆಯಿ" ಎಂದು ಮೊಮ್ಮಗ ಕೈ ಚಾಚಿದರೆ, "ಅದು ಬಾಜೂ ಮನಿ ಮಾಸ್ತರಂದು, ಕೊಟ್ಟ ಬಾ ಹೋಗು" ಎಂದು ಮುಚ್ಚಿದ ತಟ್ಟೆಯನ್ನು ಅವನ ಕೈಗಿಡುತ್ತಿದ್ದಳು. ತಟ್ಟೆ ನಮ್ಮ ಹೊಸ್ತಿಲು ಮುಟ್ಟುವಷ್ಟರಲ್ಲಿ ಬದನೆಕಾಯಿಯಂತಿದ್ದ ಆ ತತ್ತಿಯ ನೀಳವಾದ ತುದಿ ಪ್ರತಿವರ್ಷವೂ ಮಾಯವಾಗಿರುತ್ತಿತ್ತು.