ಮಿಸ್ಟರ್ ಬೀನ್ ಕೂಡ ಎಂಜಿನಿಯರ್

'ನಾಟಕ ಆಡಿದರೆ ಕೆಲಸ ಸಿಗುತ್ತಾ?' ಎಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿರುವ ನಾನು ಈ ಪ್ರಶ್ನೆಯನ್ನು ಸಾಕಷ್ಟು ಸಲ ಕೇಳಿಸಿಕೊಂಡಿದ್ದೇನೆ. ಅನುಮಾನ ಹೊಸದಲ್ಲ. 1885ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ನಾಟಕ ಸಂಘ ಹುಟ್ಟಿದಾಗಲೂ ಕುಲಪತಿ ಬೆಂಜಮಿನ್ ಜೋವೆಟ್ ಷರತ್ತು ಹಾಕಿಯೇ ಒಪ್ಪಿದ್ದರು: ಶೇಕ್ಸ್‌ಪಿಯರ್‌ನಂಥವರ ನಾಟಕವನ್ನೇ ಆಡಬೇಕು, ಹುಡುಗರು ಸ್ತ್ರೀವೇಷ ಹಾಕಬಾರದು!

ಗಣಿ ಕಾರ್ಮಿಕನ ಮಗ ರಿಚರ್ಡ್ ಬರ್ಟನ್ 1944ರಲ್ಲಿ ವಾಯುಪಡೆಯ ಆರು ತಿಂಗಳ ಕೋರ್ಸಿಗೆ ಅಲ್ಲಿಗೆ ಬಂದು ವಿದ್ಯಾರ್ಥಿ ನಾಟಕದಲ್ಲಿ ನಟಿಸಿದರು. 1966ರಲ್ಲಿ, ದೊಡ್ಡ ಸಿನಿಮಾ ತಾರೆಯಾದ ಮೇಲೆ, ಪತ್ನಿ ಎಲಿಜಬೆತ್ ಟೇಲರ್ ಜೊತೆ ಮರಳಿ ಬಂದು ವಿದ್ಯಾರ್ಥಿಗಳೊಂದಿಗೆ ಸಂಭಾವನೆ ಇಲ್ಲದೆ 'ಡಾಕ್ಟರ್ ಫಾಸ್ಟಸ್' ಆಡಿದರು. ಇಬ್ಬರ ಹೆಸರಿನ ಪುಟ್ಟ ರಂಗಮಂದಿರದಲ್ಲಿ ಈಗಲೂ ವಿದ್ಯಾರ್ಥಿಗಳ ನಾಟಕ ನಡೆಯುತ್ತದೆ. ನಮ್ಮ ಮಿಸ್ಟರ್ ಬೀನ್, ರೋವನ್ ಅಟ್ಕಿನ್ಸನ್, ಅಲ್ಲಿ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಬೀನ್‌ಗೆ ಜೊತೆಯಾಗಿ ಕಥೆ ಬರೆದ ರಿಚರ್ಡ್ ಕರ್ಟಿಸ್ ಸಿಕ್ಕಿದ್ದೂ ಅಲ್ಲೇ.

ನಾಟಕ ಆಡಿದವರೆಲ್ಲ ಬೀನ್ ಆಗುವುದಿಲ್ಲ, ನಿಜ. ಆದರೆ ಕನ್ನಡ ಮಾಧ್ಯಮದಿಂದ ಬಂದ ನನಗೆ ನಾಲ್ಕು ಜನರ ಮುಂದೆ ಬಾಯಿ ಬಿಡುವ ಧೈರ್ಯ ಕೊಟ್ಟಿದ್ದು ನಮ್ಮ ಕಾಲೇಜಿನ ರಂಗತಂಡ. ಸಹನಟ ಮಾತು ಮರೆತರೆ ಸಂಭಾಳಿಸುವುದನ್ನು, ಪರದೆ ಎಳೆಯುವವನ ಕೆಲಸವೂ ಕೆಲಸವೇ ಎಂಬುದನ್ನು ಯಾವ ಸೆಮಿಸ್ಟರೂ ಕಲಿಸಲಿಲ್ಲ. ನಿಮ್ಮ ಕಾಲೇಜಿನಲ್ಲಿ ತಂಡವಿದ್ದರೆ ಸೇರಿ. ಇಲ್ಲವೇ? ನೀವೇ ಕಟ್ಟಿ.