ಬಿದಿರಿನ ಸಾಮಾನಿಗೆ ನ್ಯಾಯವಾದ ಬೆಲೆ

ಗೊಬ್ಬರ ಹೊರುವ ಮಂಕರಿ, ಕಾಳು ಕೇರುವ ಮೊರ, ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆ, ಇವೆಲ್ಲವೂ ರೈತನಿಗೆ ಮೇದರ ಕೈಯಿಂದ ಬರತಕ್ಕವು. ಹಿಂದೆ ಅನೇಕ ಗ್ರಾಮಗಳಲ್ಲಿ ಕಸುಬುದಾರರಿಗೆ ಸುಗ್ಗಿಯ ಕಣದಲ್ಲಿ ಧಾನ್ಯದ ಆಯವನ್ನು ಕೊಡುವ ಪದ್ಧತಿಯಿದ್ದಿತು. ಈಗ ಸಾಮಾನು ಹಣಕ್ಕೆ ಮಾರಾಟವಾಗುವುದರಿಂದ ಸಂತೆಯ ಚೌಕಾಸಿಯೇ ಬೆಲೆಯನ್ನು ಗೊತ್ತುಮಾಡುತ್ತದೆ. ಇದರಿಂದ ಮೇದರಿಗೆ ಮಾತ್ರವಲ್ಲದೆ ಕೊಳ್ಳುವ ರೈತನಿಗೂ ನಷ್ಟವುಂಟು.

ಕೊಳ್ಳುವವರಿಗೆ ಹೆಣಿಗೆಯೊಂದೇ ಕಾಣುತ್ತದೆ. ಗಳುವನ್ನು ಆರಿಸಿ ತರುವುದು, ಸೀಳುವುದು, ಗಂಟುಗಳನ್ನು ಸವರುವುದು, ಸೀಳುಗಳನ್ನು ಒಂದೇ ದಪ್ಪಕ್ಕೆ ಹೆರೆಯುವುದು, ಬಾಯಿ ಕಟ್ಟುವುದು, ಇವುಗಳಿಗೆ ಹಿಡಿಯುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸತಕ್ಕದ್ದು.

ದೃಷ್ಟಾಂತಕ್ಕಾಗಿ, ಊರಿನಲ್ಲಿ ಹೊಲದ ಕೆಲಸಕ್ಕೆ 8 ಗಂಟೆಗೆ 480 ರೂಪಾಯಿ ಕೂಲಿಯೆಂದು ಇಟ್ಟುಕೊಳ್ಳೋಣ. ಗಂಟೆಗೆ 60 ರೂಪಾಯಿ ಆಯಿತು. ಒಂದು ಮಂಕರಿಗೆ ಎಲ್ಲ ಕೆಲಸವೂ ಸೇರಿ 4 ಗಂಟೆ ಹಿಡಿದರೆ ಕೂಲಿ 240, ಬಿದಿರಿಗೆ 70, ಕತ್ತಿಯ ಸವೆತಕ್ಕೂ ಸಾಗಣೆಗೂ 20, ಒಟ್ಟು 330 ರೂಪಾಯಿ. ಅದನ್ನೇ 200 ರೂಪಾಯಿಗೆ ಕೊಂಡರೆ, ಖರ್ಚು ಕಳೆದು ಮೇದನಿಗೆ ಉಳಿಯುವುದು 110 ರೂಪಾಯಿ. ಎಂದರೆ ಗಂಟೆಗೆ 27 ರೂಪಾಯಿ 50 ಪೈಸೆ. ಕಲಿತ ಕೈಗೆ ಹೊಲದಾಳಿನ ಅರ್ಧ ಕೂಲಿಯೂ ದೊರೆಯಲಿಲ್ಲ. ಹೀಗಿರುವಲ್ಲಿ ಅವನ ಮಕ್ಕಳು ಕಸುಬನ್ನು ಬಿಟ್ಟರೆ ಆಶ್ಚರ್ಯವೇನು?

ಬೆಲೆ ತಗ್ಗಿದಂತೆ ಕೆಲಸದ ಹೊತ್ತೂ ತಗ್ಗುತ್ತದೆ. ಬಿದಿರಿನಲ್ಲಿರುವ ಪಿಷ್ಟವನ್ನು ತಿನ್ನಲು ಕೊರೆಯುವ ಹುಳು ಬೀಳುತ್ತದೆ. ಗಳುಗಳನ್ನು ಕೆಲವು ವಾರ ನೀರಿನಲ್ಲಿ ನೆನೆಹಾಕಿದರೆ ಪಿಷ್ಟ ತಗ್ಗಿ ಈ ಬಾಧೆ ಕಡಮೆಯಾಗುವುದು. ಆದರೆ ಅಂದಿನ ಊಟಕ್ಕೆ ಅಂದೇ ಮಾರಬೇಕಾದವನು ಅಷ್ಟು ದಿನ ಕಾಯಲಾರನು. ಹುಳು ಹಿಡಿದು ಪುಡಿಯುದುರುವ ಮಂಕರಿಗೆ ಬದಲಾಗಿ ರೈತನು ಬೇಗನೆ ಮತ್ತೊಂದನ್ನು ಕೊಳ್ಳಬೇಕಾಗುತ್ತದೆ.

ಹೊತ್ತಿನ ಮೇಲೆ ಕೂಲಿಯನ್ನು ಗೊತ್ತುಮಾಡುವುದು ಹೊಸ ಮಾತಲ್ಲ. 1935ರಲ್ಲಿ ಗಾಂಧೀಜಿಯವರ ಒತ್ತಾಯದಿಂದ ಅಖಿಲ ಭಾರತ ಚರಕಾ ಸಂಘವು ನೂಲುವವರ ಕನಿಷ್ಠ ಕೂಲಿಯನ್ನು 8 ಗಂಟೆಗಳ ಒಳ್ಳೆಯ ಕೆಲಸದ ಆಧಾರದ ಮೇಲೆ ನಿಗದಿಮಾಡಲು ನಿಶ್ಚಯಿಸಿತು.

ಆದುದರಿಂದ ಗ್ರಾಮದ ಮುಖ್ಯಸ್ಥರು ಸುಗ್ಗಿಗೆ ಮುಂಚೆಯೇ ಮೇದರನ್ನು ಕರೆಸಿ, ಪಳಗಿದ ಕೈಯವರು ನಾಲ್ಕಾರು ಸಾಮಾನು ಮಾಡಲು ಹಿಡಿಯುವ ಹೊತ್ತಿನ ಸರಾಸರಿಯನ್ನು ತೆಗೆದು, ಕಡಮೆಪಕ್ಷದ ಬೆಲೆಯನ್ನು ಇಬ್ಬರ ಒಪ್ಪಿಗೆಯಿಂದ ಗೊತ್ತುಮಾಡುವುದು ಒಳ್ಳೆಯದು. ಜಮೀನುದಾರರು ಬೇಕಾದ ಸಾಮಾನನ್ನು ಮೊದಲೇ ತಿಳಿಸಿ ಸ್ವಲ್ಪ ಮುಂಗಡ ಕೊಟ್ಟರೆ, ಬಿದಿರನ್ನು ನೆನೆಹಾಕಲು ಕಾಲಾವಕಾಶ ದೊರೆಯುವುದು. ಕಸುಬುದಾರನಿಗೆ ಅವನ ಹೊತ್ತಿನ ಬೆಲೆ ಸಂದರೆ, ರೈತನಿಗೆ ಬಾಳಿಕೆಯ ಸಾಮಾನು ಸಲ್ಲುವುದು.